ಮಂತ್ರಿಸಿದ ತುಪ್ಪ

ಹರಿಣಾಕ್ಷಿ ಮಗಳ ಔಷಧಿಯ ಬಾಟಲಿಯನ್ನು ಸಿಂಕಿಗೆ ಬಗ್ಗಿಸಿ ನಲ್ಲಿ ತಿರುಗಿಸಿದಳಲ್ಲ, ಶ್ರೀಪತಿ ಕಳ್ಳನಾಗಬೇಕೆಂದು ನಿಶ್ಚಯಿಸಿದ್ದು ಆಗಲೇ. ಅಲ್ಲಿಯವರೆಗೆ ಅವನು ಕಚೇರಿಯ ಪೆನ್ನನ್ನೂ ಮನೆಗೆ ತಂದವನಲ್ಲ. ಗುಲಾಬಿ ಬಣ್ಣದ ಔಷಧಿ ನೊರೆಯೆದ್ದು ತೂತಿನೊಳಗೆ ಇಳಿದುಹೋಗುವುದನ್ನು ಕೈಕಟ್ಟಿ ನೋಡುತ್ತ ನಿಂತ. ಕೈಕಟ್ಟದೆ ಇದ್ದಿದ್ದರೆ ಏನು ಮಾಡಿಬಿಡುತ್ತಿದ್ದನೋ ಅವನಿಗೇ ಗೊತ್ತಿರಲಿಲ್ಲ.

"ಇನ್ನು ಈ ಮನೆಗೆ ಇಂಗ್ಲಿಷ್ ಮದ್ದು ಬರ್ಲಿಕ್ಕಿಲ್ಲ," ಎಂದಳು ಹರಿಣಾಕ್ಷಿ. "ಬಂದ್ರೆ ನಾನು ಮಗುವನ್ನು ಕರ್ಕೊಂಡು ಕಾಸರಗೋಡಿಗೆ, ತವರಿಗೆ ಹೋಗ್ತೇನೆ. ನೀವು ನಿಮ್ಮ ರಾಕೆಟ್ ಇಟ್ಕೊಂಡು ಕೂತ್ಕೊಳ್ಳಿ."

ಅಷ್ಟಕ್ಕೇ ಬಿಡಲಿಲ್ಲ. ದೋಸೆ ತಿನ್ನುತ್ತಿದ್ದ ಮಹತಿಯ ಬಳಿಗೆ ಅವನನ್ನು ಎಳೆದುಕೊಂಡು ಹೋಗಿ, ಅವನ ಕೈಯನ್ನು ಮಗಳ ನೆತ್ತಿಯ ಮೇಲಿಟ್ಟು ಆಣೆ ಹಾಕಿಸಿದಳು. ಗುಟ್ಟಾಗಿಯೂ ಕೊಡುವುದಿಲ್ಲ, ಯಾರ ಕೈಯಲ್ಲೂ ಕೊಡಿಸುವುದಿಲ್ಲ. ಒಂಬತ್ತು ವರ್ಷದ ಮಹತಿಗೆ ಆಣೆಗಿಂತ ತಲೆಗೂದಲಿನದೇ ಚಿಂತೆ. "ಅಯ್ಯೋ, ಎಂಡೆ ಮುಡಿ!" ಎಂದು ಮಲಯಾಳದಲ್ಲಿ ಗೊಣಗಿ ತಲೆ ಕೊಡವಿಕೊಂಡಳು. ಶ್ರೀಪತಿ ಆಣೆ ಹಾಕಿದ. ಹಾಕುವಾಗಲೇ ಅದನ್ನು ಮುರಿಯುವುದು ಹೇಗೆಂದು ಯೋಚಿಸುತ್ತಿದ್ದ.

ಹರಿಣಾಕ್ಷಿ ದಡ್ಡಿಯಾಗಿದ್ದರೆ ಎಷ್ಟು ಸುಲಭವಾಗುತ್ತಿತ್ತು! ತಿರುವನಂತಪುರದ ಉಳ್ಳೂರಿನ ಬ್ಯಾಂಕೊಂದರಲ್ಲಿ ಸಾಲದ ಅರ್ಜಿಗಳನ್ನು ತನಿಖೆ ಮಾಡುವ ಅಧಿಕಾರಿ ಅವಳು. ಖೋಟಾ ಸಹಿಯನ್ನು ವಾಸನೆಯಿಂದಲೇ ಹಿಡಿಯುತ್ತಾಳೆಂದು ಸಹೋದ್ಯೋಗಿಗಳು ಹೇಳುತ್ತಿದ್ದರು. ಇಂಗ್ಲಿಷ್ ಮದ್ದಿನ ಮೇಲೆ ಅವಳಿಗೆ ಬಂದ ಸಿಟ್ಟಿಗೂ ಕಾರಣವಿತ್ತು. ಮಹತಿಗೆ ಮೊದಲ ಸಲ ಫಿಟ್ಸ್ ಬಂದಾಗ ಒಂದು ಆಸ್ಪತ್ರೆಯಲ್ಲಿ ಕೊಟ್ಟ ಮಾತ್ರೆ ಮೈಗೆ ಹಿಡಿಸದೆ, ಮಗುವಿನ ಮೈಯೆಲ್ಲ ಬೊಬ್ಬೆ ಎದ್ದು, ತುಟಿ ಸುಲಿದು, ನೀರು ಕುಡಿಯಲಿಕ್ಕೂ ಆಗದೆ ದಿನಗಟ್ಟಲೆ ಮಲಗಿತ್ತು. ಲಕ್ಷಕ್ಕೊಬ್ಬರಿಗೆ ಹೀಗಾಗುತ್ತದೆ ಎಂದು ಅಲ್ಲಿನ ಎಳೆಯ ಡಾಕ್ಟರೊಬ್ಬ ಫೋನು ನೋಡುತ್ತಲೇ ಹೇಳಿದ್ದ. ಆ ಲಕ್ಷಕ್ಕೊಬ್ಬಳ ತುಟಿಗೆ ಹತ್ತಿಯಲ್ಲಿ ನೀರು ಮುಟ್ಟಿಸುತ್ತ ಕೂತವಳು ಹರಿಣಾಕ್ಷಿ. ಆಮೇಲೆ ಬೇರೆ ಆಸ್ಪತ್ರೆಗೆ ಹೋದರು. ಅಲ್ಲಿ ಡಾಕ್ಟರ್ ಸುಮಿತ್ರ ಬರೆದುಕೊಟ್ಟ ಔಷಧಿಯೇ ಈಗ ಸಿಂಕಿಗೆ ಹೋದದ್ದು. ಅದು ಒಳ್ಳೆಯದೋ ಕೆಟ್ಟದ್ದೋ ನೋಡುವ ಧೈರ್ಯ ಹರಿಣಾಕ್ಷಿಯಲ್ಲಿ ಉಳಿದಿರಲಿಲ್ಲ.

ಧೈರ್ಯವಿಲ್ಲದ ಜಾಗಕ್ಕೆ ವೈದ್ಯರು ಬಂದರು. ಬ್ಯಾಂಕಿನ ಮೋಹಿನಿ ಹೇಳಿದ್ದಂತೆ: ಕೊಚ್ಚಿಯಲ್ಲಿ ವೈಟ್ಟಿಲದಿಂದ ಬಸ್ಸು ಹಿಡಿದು, ಕಡವು ದಾಟಿದರೆ ದಾಮೋದರನ್ ವೈದ್ಯರ ಮನೆ; ತಲೆಮಾರುಗಳಿಂದ ಬಾಧೆ ಬಿಡಿಸುವವರು; ಅವರು ಮಂತ್ರಿಸಿದ ತುಪ್ಪ ತಿಂದು ಎಷ್ಟೋ ಮಕ್ಕಳಿಗೆ ಗುಣವಾಗಿದೆಯಂತೆ. ಮೂವರೂ ಹೋದರು. ವೈದ್ಯರು ಕವಡೆ ಹಾಕಿ ನೋಡಿ ಹೇಳಿದರು, ಇದು ಸರ್ಪಕೋಪ. ನೀವಿರುವ ಫ್ಲಾಟು ಕಟ್ಟುವಾಗ ಅಲ್ಲಿದ್ದ ಸರ್ಪಕಾವನ್ನು, ನಾಗರ ಬನವನ್ನು, ಕಡಿದಿದ್ದಾರೆ, ನಿಮ್ಮ ಕುಟುಂಬದ ನಾಗಬನಕ್ಕೂ ಬಹಳ ಕಾಲದಿಂದ ಯಾರೂ ಹಾಲಿನ ತನು ಎರೆದಿಲ್ಲ. ಹರಿಣಾಕ್ಷಿಯ ಕಣ್ಣಲ್ಲಿ ಧಾರಾಕಾರ ನೀರು. ಎರೆದಿರಲಿಲ್ಲ, ಹೌದು. ಶ್ರೀಪತಿಗೆ ಮೈಯೆಲ್ಲ ಉರಿಯಿತು. ಯಾವ ಕುಟುಂಬದ ನಾಗಬನಕ್ಕೆ ಈಗ ಯಾರು ಎರೆಯುತ್ತಾರೆ ಮಾರಾಯ್ರೆ, ಇದನ್ನು ಹೇಳಲು ಕವಡೆ ಬೇಕೆ?

ಆದರೆ ವೈದ್ಯರನ್ನು ದ್ವೇಷಿಸಲಿಕ್ಕೂ ಅವರು ಬಿಡಲಿಲ್ಲ. ಒಂದು ಭರಣಿ ಮಂತ್ರಿಸಿದ ತುಪ್ಪ ಕೊಟ್ಟು, ದಕ್ಷಿಣೆಯೆಂದು ಒಂದು ವೀಳ್ಯದೆಲೆ, ಒಂದು ನಾಣ್ಯ, ಅಷ್ಟೇ ತೆಗೆದುಕೊಂಡರು. ಮಹತಿಯ ಗಲ್ಲ ಸವರಿ, "ಮೋಳ್‌ಗೆ ಆಸ್ಪತ್ರೆಯ ಮದ್ದು ಕೊಡ್ತಿದ್ದೀರಲ್ಲ? ಅದನ್ನು ನಿಲ್ಲಿಸಬೇಡಿ. ಅದರ ಕೆಲಸ ಅದು ಮಾಡಲಿ, ಇದರ ಕೆಲಸ ಇದು," ಎಂದು ಮಲಯಾಳದಲ್ಲಿ ಹೇಳಿದರು.

ಶ್ರೀಪತಿಗೆ ಹೋದ ಜೀವ ಬಂದ ಹಾಗಾಯಿತು. ಹೊರಗೆ ಬರುತ್ತಲೇ, "ಕೇಳಿದೆಯಲ್ಲ?" ಎಂದ.

"ಕೇಳಿದೆ. ಕೇಸು ಗೀಸು ಆದೀತು ಅಂತ ಹೆದರಿ ಹೇಳಿದ್ದು ಅದು. ದೊಡ್ಡವರು, ಸೌಜನ್ಯಕ್ಕೆ ಹಾಗೆ ಹೇಳ್ತಾರೆ. ನಾವು ಅರ್ಥ ಮಾಡ್ಕೊಳ್ಬೇಕು."

ಸಾಕಪ್ಪಾ ಸಾಕು. ಇವಳೊಡನೆ ವಾದ ಮಾಡಿ ಗೆದ್ದವರುಂಟೇ? ಅದಾಗಿ ವಾರದೊಳಗೆ, ಆಗಸ್ಟಿನಲ್ಲಿ, ಮಹತಿ ಶಾಲೆಯ ಮೆಟ್ಟಿಲ ಮೇಲೆ ಫಿಟ್ಸ್ ಬಂದು ಉರುಳಿ, ಮುಂದಿನ ಹಲ್ಲು ಮುರಿದುಕೊಂಡಳು. ಶ್ರೀಪತಿ ಒಬ್ಬನೇ ಡಾಕ್ಟರ್ ಸುಮಿತ್ರರ ಬಳಿಗೆ ಓಡಿದ. ಬರುವ ಫಿಟ್ಸ್ ನಿಲ್ಲದೆ ಹೋದರೆ ಮಗು ಉಳಿಯುವುದು ಕಷ್ಟ ಎಂದು ಅವರು ಮುಚ್ಚುಮರೆಯಿಲ್ಲದೆ ಹೇಳಿದರು. ಔಷಧಿ ಸಿಂಕಿಗೆ ಹೋದ ವಿಷಯ ಅವನು ಬಾಯಿಬಿಡಲಿಲ್ಲ. ಮಗಳಿಗೆ ದ್ರವ ಸೇರುವುದಿಲ್ಲ, ಅದೇ ಔಷಧಿಯನ್ನು ಪುಡಿ ಮಾಡಬಹುದಾದ ಮಾತ್ರೆಯಾಗಿ ಕೊಡಿ ಎಂದು ಕೇಳಿದ. ಎಷ್ಟು ಕೊಡಬೇಕು, ಹೊಟ್ಟೆಗೆ ಏನಾಗುತ್ತದೆ, ಲಿವರಿಗೆ ಏನಾಗುತ್ತದೆ, ಬಿಸಿ ತಾಗಿದರೆ ಕೆಡುತ್ತದೆಯೇ, ಹೀಗೆ ಡಾಕ್ಟರಿಗೆ ತಲೆ ಚಿಟ್ಟು ಹಿಡಿಯುವಷ್ಟು ಕೇಳಿದ. ಇಷ್ಟು ಕಾಳಜಿಯ ತಂದೆಯನ್ನು ಅವರು ಕಂಡಿರಲಿಕ್ಕಿಲ್ಲ. ಸಾವಧಾನವಾಗಿ ಎಲ್ಲವನ್ನೂ ವಿವರಿಸಿದರು.

ಯೋಜನೆ ಹೊಳೆದದ್ದು ತುಪ್ಪದಿಂದಲೇ. ಮಹತಿಗೆ ಕೊಡುವಾಗ ಅವನೂ ಒಂದು ದಿನ ಬೆರಳಿಗೆ ಹಚ್ಚಿ ನೆಕ್ಕಿದ್ದ. ಅಬ್ಬಾ, ಎಂಥ ಕಹಿ! ಹಸಿರು ಬಣ್ಣ, ಬೇರು ನಾರುಗಳ ಘಾಟು, ಹರಳು ಹರಳಾದ ಮೈ. ಅದರಲ್ಲಿ ಏನು ಬೆರೆಸಿದರೂ ಬ್ರಹ್ಮನಿಗೂ ಗೊತ್ತಾಗದು. ಮತ್ತೆ ಬೆರೆಸುವುದೆಂದರೆ, ಅದು ಅವನ ಹೊಟ್ಟೆಪಾಡು. ತಿರುವನಂತಪುರದ ಬಾಹ್ಯಾಕಾಶ ಸಂಸ್ಥೆಯಲ್ಲಿ ರಾಕೆಟ್ಟಿನ ಘನ ಇಂಧನ ಕಲಸುವ ವಿಭಾಗದಲ್ಲಿ ಅವನು ಇಪ್ಪತ್ತು ವರ್ಷ ಮಾಡಿದ್ದು ಅದನ್ನೇ: ಪುಡಿಯನ್ನು ಅಂಟಿನಲ್ಲಿ ಎಲ್ಲಿ ತೆಗೆದು ನೋಡಿದರೂ ಒಂದೇ ಪ್ರಮಾಣ ಇರುವ ಹಾಗೆ ಕಲಸುವುದು. ತುಪ್ಪವನ್ನು ಪೂರ್ತಿ ಕರಗಿಸಿದರೆ ಪುಡಿ ತಳಕ್ಕೆ ಕೂರುತ್ತದೆ. ಮೊದಲ ಚಮಚಗಳು ಸಪ್ಪೆ, ಕೊನೆಯ ಚಮಚ ವಿಷ. ಅರೆಬೆಚ್ಚಗೆ ಮಾಡಿ, ಪುಡಿಯನ್ನು ಜರಡಿ ಹಿಡಿದು ಸೇರಿಸಿ, ತುಪ್ಪ ಗಟ್ಟಿಯಾಗುವವರೆಗೆ ಕೈಬಿಡದೆ ತಿರುವಬೇಕು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮುಗಿಯುವ ಕೆಲಸ.

ಎಲ್ಲಿ ಮಾಡುವುದು? ಮನೆಯಲ್ಲಿ ಹರಿಣಾಕ್ಷಿಯ ಮೂಗಿದೆ. ಆದರೆ ತುಪ್ಪ ತರುವವನು ತಾನೇ. ವೈದ್ಯರ ತುಪ್ಪ ಒಂದು ತಿಂಗಳಿಗೆ ಒಂದು ಭರಣಿ. ಬೆಳಗಿನ ರೈಲಿಗೆ ಕೊಚ್ಚಿಗೆ ಹೋಗಿ, ಭರಣಿ ತೆಗೆದುಕೊಂಡು, ವೈಟ್ಟಿಲದಲ್ಲಿ ಮೆಟ್ರೊ ಹತ್ತಿದರೆ ಕಳಮಶ್ಶೇರಿಯಲ್ಲಿ ತಂಗಿ ಪಾವನಾಳ ಮನೆ. ಅವಳದೂ ಬ್ಯಾಂಕ್ ಕೆಲಸ. ಗಂಡ ವಿಕಾಸ್ ಬಂದರಿನ ಕಚೇರಿಯಲ್ಲಿ. ಮದುವೆಯಾಗಿ ಎಂಟು ವರ್ಷವಾದರೂ ಮಕ್ಕಳಿಲ್ಲದ ಆ ಮನೆ ಹಗಲಿಡೀ ಖಾಲಿ. ಬ್ಯಾಂಕಿಗೆ ರಜೆಯಿಲ್ಲದ ಶನಿವಾರ ಆರಿಸಿಕೊಂಡರಾಯಿತು. ಬೀಗದ ಕೈ ಅವನ ಬಳಿ ಒಂದು ಇದ್ದೇ ಇತ್ತು.

ಉಳಿದದ್ದು ವೈದ್ಯರ ಕಟ್ಟು. ಭರಣಿಯ ಬಾಯಿಗೆ ಬಾಡಿಸಿದ ಬಾಳೆಲೆ ಮುಚ್ಚಿ, ಕೆಂಪು ನೂಲು ಸುತ್ತಿ, ಗಂಟಿಗೆ ಗಂಧ ಹಚ್ಚಿ ಅವರು ಕೊಡುತ್ತಿದ್ದರು. ಶ್ರೀಪತಿ ಖಾಲಿ ಭರಣಿಯ ನೂಲನ್ನು ಎತ್ತಿಟ್ಟುಕೊಂಡು, ಕಚೇರಿಯ ಊಟದ ವಿರಾಮದಲ್ಲಿ ನೀರಿನ ಬಾಟಲಿಗೆ ಸುತ್ತಿ ಸುತ್ತಿ ಆ ಗಂಟು ಕಲಿತ. ಅದೇ ಬಣ್ಣದ ನೂಲು ಹುಡುಕಿ ತಂದ. ಗಂಧದ ಕೊರಡನ್ನು ಬಟ್ಟೆ ಚೀಲದ ತಳದಲ್ಲಿಟ್ಟುಕೊಂಡ. ಮಾತ್ರೆಗಳನ್ನು ತಿರುವನಂತಪುರದಲ್ಲಿ ಕೊಳ್ಳಲಿಲ್ಲ. ಅಲ್ಲಿ ಹರಿಣಾಕ್ಷಿಯ ಪರಿಚಯವಿಲ್ಲದ ಅಂಗಡಿಯೇ ಇಲ್ಲ. ಕೊಚ್ಚಿಯಲ್ಲಿ, ಪ್ರತಿಸಲ ಬೇರೆ ಅಂಗಡಿಯಲ್ಲಿ ಕೊಂಡ.

ಮೊದಲ ಸಲ ಪಾವನಾಳ ಅಡುಗೆಮನೆಯಲ್ಲಿ ಸೌಟು ಹಿಡಿದು ನಿಂತಾಗ, ಪುಡಿ ಹಾಕುವ ಮೊದಲು ಎರಡು ಸಲ ಒಲೆ ಆರಿಸಿದ. ಆಣೆ ನೆನಪಾಯಿತು ಎಂದಲ್ಲ. ಛೆ, ಅದನ್ನೆಲ್ಲ ನಂಬುವವನೇ ಅವನು? ಒಂದು ವೇಳೆ ಈ ಔಷಧಿಯೂ ಮಗುವಿಗೆ ಒಗ್ಗದೆ ತುಟಿ ಸುಲಿದರೆ, ಆಗ ಹರಿಣಾಕ್ಷಿಗೆ ಏನು ಹೇಳುವುದು? ತಾನೇ ಮೊದಲು ಒಂದು ಚಮಚ ತಿಂದ, ಅದರಿಂದ ಏನೂ ತಿಳಿಯುವುದಿಲ್ಲವೆಂದು ಗೊತ್ತಿದ್ದೂ. ಆಮೇಲೆ ಅಡುಗೆಮನೆಯ ನೆಲದ ಮೇಲೆ ಕೂತು ಅತ್ತ. ನಲವತ್ತಾರು ವರ್ಷದ ಗಂಡಸು, ಪಾತ್ರೆ ತೊಳೆಯುವುದಕ್ಕೂ ಮುಂಚೆ, ಬಾಯಿ ತುಂಬ ಕಹಿ ಇಟ್ಟುಕೊಂಡು ಹೋ ಎಂದು ಅತ್ತ.

ಸಂಜೆ ಪಾವನಾ ಬಂದಳು. ಭರಣಿಯನ್ನು ಚೀಲದಲ್ಲಿ ಕಂಡು ಬೈದಳು. "ಎಂತ ಅಣ್ಣ ನೀನು! ಮಂತ್ರ ಮಾಡಿದ್ದನ್ನು ಚಪ್ಪಲಿ ಒಟ್ಟಿಗೆ ಇಡುದಾ? ಕೊಡಿಲ್ಲಿ."

ಕೈಕಾಲು ತೊಳೆದು ಬಂದು, ಭರಣಿಯನ್ನು ಎರಡೂ ಕೈಯಲ್ಲಿ ಎತ್ತಿ ದೇವರ ಗೂಡಿನಲ್ಲಿಟ್ಟಳು. ಅವನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದ. ಎಲೆ, ನೂಲು, ಗಂಟು, ಗಂಧ, ಯಾವುದರ ಮೇಲೂ ಅವಳ ಕಣ್ಣು ನಿಲ್ಲಲಿಲ್ಲ. ಇದೂ ಒಳ್ಳೆಯದೇ ಆಯಿತು ಎಂದುಕೊಂಡ. ನಾಳೆ ಹರಿಣಾಕ್ಷಿಗೆ ಸಂಶಯ ಬಂದರೆ, ಭರಣಿ ರಾತ್ರಿಯಿಡೀ ದೇವರ ಮುಂದೆ ಇತ್ತೆಂದು ಹೇಳಲು ಪಾವನಾ ಸಾಕ್ಷಿ. ಅಂದಿನಿಂದ ಪ್ರತಿ ತಿಂಗಳೂ ಅದೇ ಕ್ರಮ. ಶನಿವಾರ ಮಧ್ಯಾಹ್ನ ಕಲಸಿ ಕಟ್ಟಿಟ್ಟ ಮೇಲೆ ಅವನು ಭರಣಿಯನ್ನು ಮುಟ್ಟುತ್ತಲೂ ಇರಲಿಲ್ಲ. ಭಾನುವಾರ ಬೆಳಿಗ್ಗೆ ಅವನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಪಾವನಾ ಅದನ್ನು ಬಟ್ಟೆಯಲ್ಲಿ ಸುತ್ತಿ, ಚೀಲದಲ್ಲಿಟ್ಟು, ಮೇಲೆ ನಾಲ್ಕು ಮಲ್ಲಿಗೆ ಹೂ ಹಾಕಿ ಕೊಡುತ್ತಿದ್ದಳು. ಎಷ್ಟು ಭಕ್ತಿ! ನಗು ಬರುತ್ತಿತ್ತು ಅವನಿಗೆ. ಹಿಂದೆಯೇ ಅಯ್ಯೋ ಪಾಪ ಎನಿಸುತ್ತಿತ್ತು.

ಎರಡನೆಯ ಭರಣಿ ಮುಗಿಯುವ ಹೊತ್ತಿಗೆ ಫಿಟ್ಸ್ ನಿಂತಿತು. ಮಹತಿಯ ತುಟಿಗೂ ಏನಾಗಲಿಲ್ಲ, ಮೈಗೂ ಏನಾಗಲಿಲ್ಲ. ಶಾಲೆಯವರು ರಕ್ತದ ಗುಂಪು ಕೇಳಿದ್ದಾರೆಂದು ಸುಳ್ಳು ಹೇಳಿ ಕರೆದುಕೊಂಡು ಹೋಗಿ ಲಿವರಿನ ಪರೀಕ್ಷೆಯನ್ನೂ ಮಾಡಿಸಿದ. ಎಲ್ಲ ಸರಿಯಾಗಿತ್ತು. ಅವನ ಲೆಕ್ಕದಂತೆ ತಿಂಗಳ ಕೊನೆಗೆ ಭರಣಿಯಲ್ಲಿ ಮಿಗಬೇಕಾದ ತುಪ್ಪ ಮಾತ್ರ ಮಿಗುತ್ತಿರಲಿಲ್ಲ. ಹರಿಣಾಕ್ಷಿ ನಾಗನ ದೀಪಕ್ಕೂ ಒಂದಿಷ್ಟು ಎರೆಯುತ್ತಾಳೇನೋ, ಎರೆಯಲಿ, ನಾಗನಿಗೂ ಫಿಟ್ಸ್ ಬಾರದಿರಲಿ ಎಂದು ಒಳಗೊಳಗೇ ನಕ್ಕ. ಚಮಚದ ಅಳತೆ ತಪ್ಪದಿದ್ದರೆ ಅವನಿಗೆ ಸಾಕಿತ್ತು. ಅದು ತಪ್ಪುತ್ತಿರಲಿಲ್ಲ, ಇದೇ ಚಮಚದಲ್ಲಿ ಕೊಡಬೇಕೆಂದು ವೈದ್ಯರು ಹೇಳಿದ್ದಾರೆಂದು ಹೇಳಿ ಅಳತೆಯ ಚಮಚವನ್ನೂ ಅವನೇ ತಂದುಕೊಟ್ಟಿದ್ದ.

ಗೆದ್ದದ್ದು ತಾನು, ಹೆಸರು ವೈದ್ಯರಿಗೆ. ಅದೊಂದು ಮುಳ್ಳು ಮಾತ್ರ ಆಗಾಗ ಚುಚ್ಚುತ್ತಿತ್ತು. ಹರಿಣಾಕ್ಷಿ ಕಂಡಕಂಡವರಿಗೆಲ್ಲ ನಾಗನ ಮಹಿಮೆ ಹೇಳಿದಳು. ಹೇಳುವಾಗ ಗಂಡನ ಕಡೆಗೊಮ್ಮೆ ನೋಡುವಳು. ಸೋತ ಮುಖ ಮಾಡಿಕೊಂಡು ತಲೆಯಾಡಿಸುವುದೂ ಅವನ ಯೋಜನೆಯ ಭಾಗವೇ. ಒಮ್ಮೆ ಎಲ್ಲವನ್ನೂ ಹೇಳಿಬಿಡೋಣವೆನಿಸಿತ್ತು. ಆದರೆ ಹೇಳಿದ ಮರುದಿನವೇ ತುಪ್ಪ ನಿಲ್ಲುತ್ತದೆ, ಮಗಳು ಕಾಸರಗೋಡಿಗೆ ಹೋಗುತ್ತಾಳೆ, ಹಾಗೆ ಹಠಾತ್ತನೆ ಔಷಧಿ ನಿಂತರೆ ಮೊದಲಿಗಿಂತ ಕೆಟ್ಟ ಫಿಟ್ಸ್ ಬರುತ್ತದೆ. ಬಾಯಿ ಮುಚ್ಚಿಕೊಂಡ. ಮಗಳ ಜೀವ ತನ್ನ ಬಾಯಿಯಲ್ಲಿದೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಫೆಬ್ರವರಿಯಲ್ಲಿ ಮಹತಿ ಶಾಲೆಯ ವಾರ್ಷಿಕೋತ್ಸವಕ್ಕೆ ವೇದಿಕೆಯ ಮೇಲೆ ಕುಣಿದಳು. ಹೊಸದಾಗಿ ಕಟ್ಟಿಸಿದ ಹಲ್ಲು ತೋರಿಸಿ ನಕ್ಕಳು. ಆ ವಾರ ಮೂವರೂ ಕೂಡಿ ಕೊಚ್ಚಿಗೆ ಹೊರಟರು, ವೈದ್ಯರಿಗೆ ಕೃತಜ್ಞತೆ ಹೇಳಲು. ವೈದ್ಯರು ಕವಡೆ ಹಾಕಲಿಲ್ಲ. ಮಗುವಿನ ಮುಖ ನೋಡಿ ಸುಮ್ಮನೆ ಖುಷಿಪಟ್ಟರು, ಹೊಸ ಭರಣಿ ಕೊಟ್ಟರು. ಪಾವನಾಳ ಮನೆಯಲ್ಲಿ ಹರಿಣಾಕ್ಷಿ ಜೊತೆಗಿರುವಾಗ ಕಲಸುವುದು ಹೇಗೆ ಎಂಬುದೊಂದೇ ಅವನಿಗಿದ್ದ ಭಯ. ವಿಕಾಸ್‌ಗೆ ಫೋನು ಮಾಡಿ, ಹೆಂಗಸರನ್ನೂ ಮಗುವನ್ನೂ ಮಾಲ್‌ಗೆ ಕರೆದುಕೊಂಡು ಹೋಗಲು ಹೇಳಿದ. ತನಗೆ ತಲೆನೋವು, ಮಲಗುತ್ತೇನೆ ಎಂದ. ಅವರು ಮರಳುವಷ್ಟರಲ್ಲಿ ಭರಣಿ ಗಂಧದ ಗಂಟಿನೊಡನೆ ದೇವರ ಗೂಡಿನಲ್ಲಿತ್ತು. ಇಷ್ಟು ಚೆನ್ನಾಗಿ ಯಾವತ್ತೂ ಕಲಸಿರಲಿಲ್ಲ.

ಬಂದವರು ಸಿಹಿಯ ಡಬ್ಬ ತಂದಿದ್ದರು. ಪಾವನಾ ಅವನ ಎದುರು ಬಂದು ನಿಂತಳು. ಮುಖ ಕೆಂಪೇರಿತ್ತು.

"ಅಣ್ಣ, ಒಂದು ವಿಷಯ ಹೇಳ್ಲಿಕ್ಕುಂಟು. ಇಷ್ಟು ದಿನ ಹೇಳ್ಲಿಲ್ಲ ಅಂತ ಬೈಬಾರದು, ಆಯ್ತಾ? ನಂಗೆ ಈಗ ಐದು ತಿಂಗಳು."

ಅವನಿಗೆ ಮೊದಲು ಅರ್ಥವಾಗಲಿಲ್ಲ. ಆದ ಮೇಲೆ ಎದ್ದು ಅವಳ ತಲೆಯನ್ನು ಎದೆಗೊತ್ತಿಕೊಂಡ. ಎಂಟು ವರ್ಷ! ಊರಲ್ಲಿ ಯಾರ ಮನೆಯ ಸೀಮಂತಕ್ಕೂ ಹೋಗದೆ, ರಜೆ ಸಿಗಲಿಲ್ಲವೆಂದು ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದ ತಂಗಿ. "ಅಲ್ಲ ಮಾರಾಯ್ತಿ, ನನ್ನಿಂದಲೂ ಮುಚ್ಚಿಟ್ಟೆಯಾ?" ಎಂದ. ವಿಕಾಸನ ಬೆನ್ನಿಗೆ ಗುದ್ದಿದ. "ಇವನೊಬ್ಬ ಕಳ್ಳ, ಬಾಯೇ ಬಿಡಲಿಲ್ಲ ನೋಡು!"

"ಗಂಡಸರಿಗೆ ಹೇಳಿದ್ರೆ ಊರಿಡೀ ಡಂಗುರ," ಎಂದಳು ಹರಿಣಾಕ್ಷಿ. "ಎರಡು ಸಲ ಬಸಿರು ನಿಂತೂ ಇಳಿದುಹೋಗಿತ್ತಲ್ಲ, ಪಾಪ. ಅದಕ್ಕೆ ನಾನೇ ಹೇಳಿದ್ದು, ಹೊಟ್ಟೆ ಕಾಣುವವರೆಗೆ ಯಾರಿಗೂ ಬೇಡ ಅಂತ."

ಮಹತಿ ಸೋಫಾದ ಮೇಲೆ ಹಾರಿ ಕುಣಿಯುತ್ತಿದ್ದಳು. ಎಷ್ಟೋ ತಿಂಗಳ ನಂತರ ಶ್ರೀಪತಿ ಮನಸಾರೆ ನಕ್ಕ. ಇನ್ನೇನು ಬೇಕು? ಮಗಳು ಉಳಿದಳು, ತಂಗಿಯ ಮಡಿಲು ತುಂಬಿತು.

"ಸೋಮವಾರ ದೊಡ್ಡ ಸ್ಕ್ಯಾನ್ ಉಂಟು. ನಂಗೆ ಈ ಸಲ ಹೆದರಿಕೆಯೇ ಇಲ್ಲ ಅಣ್ಣ," ಎನ್ನುತ್ತ ಪಾವನಾ ದೇವರ ಗೂಡಿನ ಮುಂದೆ ನಿಂತು, ಭರಣಿಯ ನೂಲನ್ನು ಸಲೀಸಾಗಿ ಬಿಚ್ಚಿದಳು. ಪಕ್ಕದಲ್ಲಿದ್ದ ತನ್ನ ಪುಟ್ಟ ಬೆಳ್ಳಿ ಬಟ್ಟಲಿಗೆ ತುಪ್ಪ ತೋಡಿಕೊಂಡಳು. "ಅತ್ತಿಗೆ ಹೇಳಿದ್ರು, ಮಗುವಿಗೆ ಬಂದ ಪ್ರಸಾದ ಒಬ್ಬರೇ ತಿನ್ನುದಲ್ಲ, ನೀನೂ ನಿನ್ನ ಪಾಲು ತೆಗ್ದಿಟ್ಕೊ ಅಂತ. ಎರಡನೇ ಭರಣಿಯಿಂದ ದಿನಾ ಒಂದು ಚಮಚ. ಅದು ತಿನ್ಲಿಕ್ಕೆ ಶುರು ಮಾಡಿದ ತಿಂಗಳೇ ಬಸಿರು ನಿಂತದ್ದು, ಗೊತ್ತುಂಟಾ?" ಹರಿಣಾಕ್ಷಿ ಕೈಮುಗಿದಳು. ಆಗಸ್ಟಿನಲ್ಲಿ ಡಾಕ್ಟರ್ ಸುಮಿತ್ರ ಹೊಟ್ಟೆ, ಲಿವರ್, ನಿದ್ದೆ ಎಲ್ಲವನ್ನೂ ವಿವರಿಸಿದ ಮೇಲೆ, ಶ್ರೀಪತಿ ಏಳುತ್ತಿದ್ದಾಗ ಇನ್ನೂ ಒಂದು ಮಾತು ಹೇಳಿದ್ದರು. ಬಸುರಿಯರಿಗೆ ಮಾತ್ರ ಈ ಮಾತ್ರೆ ಕೊಡುವ ಹಾಗಿಲ್ಲ, ಹೊಟ್ಟೆಯಲ್ಲಿರುವ ಮಗುವಿನ ಬೆನ್ನುಮೂಳೆ ಕೂಡದೆ ಹೋಗಬಹುದು. ನಿಮ್ಮ ಮಗಳು ಇನ್ನೂ ಚಿಕ್ಕವಳು, ಈಗ ಆ ಯೋಚನೆ ಬೇಡ. ಹೌದಲ್ಲ, ನಮಗೆ ಸಂಬಂಧವಿಲ್ಲದ್ದು ಎಂದು ಅವನು ಆಗಲೇ ಅದನ್ನು ತಲೆಯಿಂದ ಬಿಟ್ಟಿದ್ದ. ಪಾವನಾ ಚಮಚವನ್ನು ಕಣ್ಣಿಗೊತ್ತಿಕೊಂಡು ಬಾಯಿಯ ಹತ್ತಿರ ತಂದಳು. ಶ್ರೀಪತಿ ಅವಳ ಮಣಿಕಟ್ಟನ್ನು ಹಿಡಿದುಕೊಂಡ. ತುಪ್ಪ ನೆಲಕ್ಕೆ ಚೆಲ್ಲಿತು. "ಎಂತಾಯ್ತು ಅಣ್ಣ?" ಎಂದಳು ಅವಳು, ಇನ್ನೂ ನಗುತ್ತಲೇ. ಹರಿಣಾಕ್ಷಿ ನಗುತ್ತಿರಲಿಲ್ಲ; ಗಂಡನ ಮುಖವನ್ನೇ ನೋಡುತ್ತ, ಮಹತಿಯನ್ನು ತನ್ನ ಪಕ್ಕಕ್ಕೆ ಎಳೆದುಕೊಂಡಿದ್ದಳು.